ಮಾರಿಯ ಕಾಲದ ಗೃಹಸ್ಥಧರ್ಮ: ‘ಸಂಸ್ಕಾರ’, ‘ಗೃಹಭಂಗ’ಗಳ ದಾಂಪತ್ಯವಿಚಾರ

೧

ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯಕ್ಕೆ ‘ಜನಪದೋದ್ಧ್ವಂಸನೀಯ’ವೆಂದು ಹೆಸರು. ಪಾಂಚಾಲದೇಶದ ಕಾಂಪಿಲ್ಯದಲ್ಲಿ, ಗಂಗಾತೀರದಲ್ಲಿ ಸಂಚರಿಸುತ್ತಿದ್ದ ಆತ್ರೇಯಮಹರ್ಷಿಯನ್ನು ಶಿಷ್ಯನಾದ ಅಗ್ನಿವೇಶನು ಒಂದು ಪ್ರಶ್ನೆಯನ್ನು ಕೇಳುತ್ತಾನೆ. ಪ್ರಕೃತಿ, ಆಹಾರ, ದೇಹ, ಬಲ, ವಯಸ್ಸು ಇವುಗಳಲ್ಲಿ ಒಬ್ಬರನ್ನೊಬ್ಬರು ಹೋಲದ ಮನುಷ್ಯರು ಒಂದೇ ಕಾಲದಲ್ಲಿ ಒಂದೇ ವ್ಯಾಧಿಯಿಂದ ನಾಶವಾಗುವುದು ಹೇಗೆ ಎಂಬುದೇ ಆ ಪ್ರಶ್ನೆ. ಮನುಷ್ಯರು ಎಷ್ಟೇ ಭಿನ್ನರಾದರೂ ವಾಯು, ಉದಕ, ದೇಶ, ಕಾಲ ಎಂಬ ನಾಲ್ಕು ಎಲ್ಲರಿಗೂ ಸಾಮಾನ್ಯವಾದುವು. ಇವು ಕೆಟ್ಟಾಗ ಜನಪದವೇ ಕೆಡುತ್ತದೆ ಎಂದು ಗುರುವಿನ ಉತ್ತರ. ಈ ಅಧ್ಯಾಯವನ್ನು ಪಾಠಶಾಲೆಯಲ್ಲಿ ಓದಿದ ದಿನದಿಂದ ಇದರ ಗಾಂಭೀರ್ಯವನ್ನು ನಾನು ಮೆಚ್ಚುತ್ತ ಬಂದಿದ್ದೇನೆ. ಆದರೆ ಈಚೆಗೆ ಅದನ್ನು ಮರಳಿ ಓದುವಾಗ ಒಂದು ಸಂಗತಿ ಮನಸ್ಸಿಗೆ ಹೊಳೆಯಿತು. ಈ ಅಧ್ಯಾಯದ ದೃಷ್ಟಿಯೆಲ್ಲ ಜನಪದದ ಮೇಲಿರುವುದೇ ಹೊರತು ಗೃಹದ ಮೇಲಲ್ಲ. ದೇಶವು ಹೇಗೆ ಕೆಡುತ್ತದೆಂಬುದನ್ನು ಅದು ಹೇಳುತ್ತದೆ. ಕೆಟ್ಟ ದೇಶದಲ್ಲಿ, ಬಾಗಿಲು ಹಾಕಿದ ಒಂದು ಮನೆಯೊಳಗೆ, ಗಂಡಹೆಂಡಿರಲ್ಲಿ ಯಾರು ಯಾರಿಗೆ ಗಂಜಿ ಕಾಸಬೇಕೆಂಬುದು ಅದರ ವಿಷಯವಲ್ಲ.

ಶಾಸ್ತ್ರವು ಬಿಟ್ಟುದನ್ನು ಕಾವ್ಯವು ಹಿಡಿಯಿತೇ ಎಂದು ನೋಡಿದರೆ ಅಲ್ಲಿಯೂ ನಿರಾಶೆಯೇ. ಭರತನು ವ್ಯಾಧಿಯನ್ನೂ ಮರಣವನ್ನೂ ಮೂವತ್ತಮೂರು ವ್ಯಭಿಚಾರಿಭಾವಗಳಲ್ಲಿ ಸೇರಿಸಿದ್ದಾನಷ್ಟೆ. ಎಂದರೆ, ವ್ಯಾಧಿಯು ಬಂದು ಹೋಗುವ ಭಾವ, ನೆಲೆಗೊಳ್ಳುವ ಭಾವವಲ್ಲ. ಕಾಳಿದಾಸನ ಇಂದುಮತಿಯು ನಾರದನ ವೀಣೆಯಿಂದ ಜಾರಿದ ಹೂಮಾಲೆ ಸೋಕಿ ಕ್ಷಣಮಾತ್ರದಲ್ಲಿ ಪ್ರಾಣ ಬಿಡುತ್ತಾಳೆ. ಅಜನ ವಿಲಾಪವು ಜಗತ್ಪ್ರಸಿದ್ಧವಾಗಿದೆ. ಆದರೆ ಅಜನು ಆಕೆಯ ಹಣೆಗೆ ಒದ್ದೆಬಟ್ಟೆ ಹಾಕಿ ಒಂದು ರಾತ್ರಿ ಎಚ್ಚರವಿರಬೇಕಾದ ಸಂದರ್ಭವನ್ನು ಕವಿಯು ತಂದಿಲ್ಲ. ದಾಂಪತ್ಯವನ್ನು ಅತ್ಯಂತ ಸೂಕ್ಷ್ಮವಾಗಿ ಕಂಡ ಭವಭೂತಿಯೂ ವಿಯೋಗವನ್ನು ವರ್ಣಿಸಿದನೇ ವಿನಾ ರೋಗಶಯ್ಯೆಯನ್ನು ವರ್ಣಿಸಲಿಲ್ಲ. ಕಾವ್ಯದ ನಾಯಿಕೆಗೆ ಬರುವ ಜ್ವರವು ಬಹುಮಟ್ಟಿಗೆ ಕಾಮಜ್ವರ. ಅದಕ್ಕೆ ಔಷಧವು ತಾವರೆಯೆಲೆ.

ಈ ಎರಡು ಪರಂಪರೆಗಳೂ ಮುಟ್ಟದೆ ಬಿಟ್ಟ ಸ್ಥಳವನ್ನು ನಮ್ಮ ಕನ್ನಡದ ಕಾದಂಬರಿಯು ಮುಟ್ಟಿದೆ ಎಂಬುದು ಈ ಲೇಖನದ ಪ್ರತಿಜ್ಞೆ. ವಿಚಾರಕ್ಕೆ ಎತ್ತಿಕೊಂಡಿರುವುವು ಎರಡು ಗ್ರಂಥಗಳು: ೧೯೬೫ರಲ್ಲಿ ಪ್ರಕಟವಾದ ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’; ೧೯೭೦ರಲ್ಲಿ ಪ್ರಕಟವಾದ ಎಸ್. ಎಲ್. ಭೈರಪ್ಪನವರ ‘ಗೃಹಭಂಗ’. ಎರಡರಲ್ಲಿಯೂ ಪ್ಲೇಗುಮಾರಿಯಿದೆ; ಎರಡರಲ್ಲಿಯೂ ಒಂದು ದಾಂಪತ್ಯವಿದೆ. ಚರಕನ ‘ಜನಪದೋದ್ಧ್ವಂಸ’ಕ್ಕೂ ಭೈರಪ್ಪನವರ ‘ಗೃಹಭಂಗ’ಕ್ಕೂ ನಡುವೆ ಇರುವ ಅಂತರವೇ ನಮ್ಮ ವಿಷಯವೆಂದರೂ ಸಲ್ಲುತ್ತದೆ.

೨

ಮೊದಲು ಸಂಗತಿಯನ್ನು ಸ್ವಲ್ಪ ಸ್ಪಷ್ಟಪಡಿಸಿಕೊಳ್ಳೋಣ. ಈ ಕಾದಂಬರಿಗಳ ಹಿಂದಿರುವ ಮಾರಿಯು ಕಲ್ಪಿತವಲ್ಲ. ೧೮೯೪ರಲ್ಲಿ ಹಾಂಗ್‌ಕಾಂಗಿನಲ್ಲಿ ಯೆರ್ಸಿನ್ ಎಂಬ ವೈದ್ಯವಿಜ್ಞಾನಿಯು ಅದರ ಜೀವಾಣುವನ್ನು ಕಂಡನು. ೧೮೯೬ರಲ್ಲಿ ಅದು ಮುಂಬಯಿಯನ್ನು, ೧೮೯೮ರಲ್ಲಿ ಬೆಂಗಳೂರನ್ನು ಹೊಕ್ಕಿತು. ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿಗಳೆಂಬ ಬಡಾವಣೆಗಳು ಆ ಭಯದಿಂದ ಬೆಳೆದುವೆಂಬುದು ಎಲ್ಲರಿಗೂ ತಿಳಿದಿದೆ. ಇಲಿಯ ಮೈಮೇಲಿನ ಚಿಗಟವೇ ವಾಹಕವೆಂಬುದು ಅದೇ ೧೮೯೮ರಲ್ಲಿ ಸೀಮೋನ್ ಎಂಬುವನ ಶೋಧನೆಯಿಂದ ಹೊರಬಿದ್ದರೂ, ಹಳ್ಳಿಗಳ ಜನರಿಗೆ ಅಷ್ಟು ವಿವರವು ಬೇಕಾಗಿರಲಿಲ್ಲ. ಮನೆಯಲ್ಲಿ ಇಲಿ ಬಿದ್ದಿತೆಂದರೆ ಊರನ್ನು ತೆರವು ಮಾಡಿ, ಹೊಲತೋಟಗಳಲ್ಲಿ ಗುಡಿಸಲು ಹಾಕಿಕೊಂಡು, ಬೇನೆ ತಗ್ಗುವವರೆಗೆ ಅಲ್ಲಿ ಸಂಸಾರ ಮಾಡುವುದು ನಮ್ಮ ಹಿರಿಯರ ರೂಢಿಯಾಗಿತ್ತು.

ಇನ್ನು ವಿಮರ್ಶೆಯ ಸಾಧನ. ಮೀಮಾಂಸಕರು ಕರ್ಮವನ್ನು ನಿತ್ಯ, ನೈಮಿತ್ತಿಕ, ಕಾಮ್ಯವೆಂದು ಮೂರಾಗಿ ವಿಂಗಡಿಸುತ್ತಾರೆ. ಸಂಧ್ಯಾವಂದನೆಯು ನಿತ್ಯ, ಗ್ರಹಣಸ್ನಾನವು ನೈಮಿತ್ತಿಕ, ಪುತ್ರಕಾಮೇಷ್ಟಿಯು ಕಾಮ್ಯ. ಕಾಮ್ಯಕ್ಕೆ ಫಲವುಂಟು, ಆದುದರಿಂದ ಮಾಡಿದವನು ಲೆಕ್ಕವಿಡುತ್ತಾನೆ. ನಿತ್ಯಕ್ಕೆ ಅಂತಹ ಫಲವಿಲ್ಲ; ಬಿಟ್ಟರೆ ಪ್ರತ್ಯವಾಯವುಂಟು, ಅಷ್ಟೆ. ಆದುದರಿಂದ ಅದನ್ನು ಎಷ್ಟು ದಿನ ಮಾಡಿದೆನೆಂದು ಯಾರೂ ಎಣಿಸುವುದಿಲ್ಲ. ಸಂಸಾರದ ದಿನಚರಿಯು, ನೀರು ತರುವುದು, ಒಲೆ ಹಚ್ಚುವುದು, ಉಂಡೆಯಾ ಎಂದು ಕೇಳುವುದು, ಇವೆಲ್ಲ ನಿತ್ಯದ ಜಾತಿಗೆ ಸೇರಿದುವು. ಮಾರಿಯಾದರೋ ನಿಮಿತ್ತ. ನಿಮಿತ್ತವು ಒದಗಿದಾಗ, ಇದುವರೆಗೆ ನಾವು ನಿತ್ಯವೆಂದು ಮಾಡುತ್ತಿದ್ದುದು ನಿಜವಾಗಿ ನಿತ್ಯವೋ, ನಿತ್ಯದ ವೇಷ ಹಾಕಿದ ಕಾಮ್ಯವೋ ಎಂಬುದು ಬಯಲಾಗುತ್ತದೆ. ಈ ಒರೆಗಲ್ಲಿನ ಮೇಲೆ ಎರಡು ಗ್ರಂಥಗಳನ್ನು ತಿಕ್ಕಿ ನೋಡಬಹುದು.

ಹೀಗೆ ತಿಕ್ಕುವುದು ಶಾಸ್ತ್ರವನ್ನು ಬಲಾತ್ಕಾರವಾಗಿ ಕಾದಂಬರಿಗೆ ಹೇರುವುದಲ್ಲವೇ ಎಂದು ಕೇಳುವವರುಂಟು. ನಮ್ಮ ವಚನಕಾರರ ಕಥೆಯೊಂದು ಇದಕ್ಕೆ ಸಮಾಧಾನ ಹೇಳುತ್ತದೆ. ಆಯ್ದಕ್ಕಿ ಮಾರಯ್ಯನು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನು ಒಪ್ಪದೆ, ಹೆಚ್ಚಾದುದನ್ನು ಹಿಂದಕ್ಕೆ ಸುರಿದು ಬರುವಂತೆ ಗಂಡನನ್ನು ಕಳುಹಿಸಿದಳೆಂಬುದು ಪ್ರಸಿದ್ಧ. ಅಂದಿಗೆ ಬೇಕಾದಷ್ಟು ನಿತ್ಯ. ಅದಕ್ಕಿಂತ ಹೆಚ್ಚಿನದು ಕಾಮ್ಯದ ಕಡೆಗೆ ವಾಲಿದುದು. ಜೈಮಿನಿಯನ್ನು ಓದದ ಹೆಣ್ಣುಮಗಳೊಬ್ಬಳು ಮನೆಯ ಬಾಗಿಲಲ್ಲಿ ನಿಂತು ಮಾಡಿದ ಈ ವಿಭಾಗವು ಕನ್ನಡದ ದಾಂಪತ್ಯಕ್ಕೆ ಪರಕೀಯವಾದುದಲ್ಲ.

೩

‘ಸಂಸ್ಕಾರ’ದ ಕಥೆಯನ್ನು ವಿಸ್ತರಿಸಬೇಕಾಗಿಲ್ಲ. ದೂರ್ವಾಸಪುರದ ಅಗ್ರಹಾರ, ಶಿವಮೊಗ್ಗೆಯಿಂದ ಜ್ವರ ಹೊತ್ತು ಬಂದು ಸತ್ತ ನಾರಣಪ್ಪ, ಅವನ ಶವಸಂಸ್ಕಾರಕ್ಕೆ ಅಧಿಕಾರಿ ಯಾರೆಂಬ ವಿವಾದ, ನಿರ್ಣಯ ಹೇಳಬೇಕಾದ ಪ್ರಾಣೇಶಾಚಾರ್ಯರ ಪತನವೋ ಉತ್ಥಾನವೋ ತಿಳಿಯದ ಪ್ರಯಾಣ. ವಿಮರ್ಶಕರು ಬಹುವಾಗಿ ಚರ್ಚಿಸಿರುವುದು ಈ ಧರ್ಮಸಂಕಟವನ್ನು, ಚಂದ್ರಿಯ ಪ್ರಸಂಗವನ್ನು, ಮೇಳಿಗೆಯ ಜಾತ್ರೆಯ ಭ್ರಾಂತಿಯನ್ನು. ಆಚಾರ್ಯರ ಪತ್ನಿಯಾದ ಭಾಗೀರಥಿಯ ಮಾತು ಬಂದಾಗ, ಆಕೆಯು ನಾಯಕನ ವೈರಾಗ್ಯಕ್ಕೆ ಹಿನ್ನೆಲೆಯಾಗಿ ಇಟ್ಟ ಒಂದು ಉಪಕರಣವೆಂದು ಒಂದು ವಾಕ್ಯದಲ್ಲಿ ಮುಗಿಸುವುದು ವಾಡಿಕೆ. ನಾನೂ ಬಹುಕಾಲ ವಿದ್ಯಾರ್ಥಿಗಳಿಗೆ ಹೀಗೆಯೇ ಹೇಳುತ್ತಿದ್ದೆನೆಂದು ಒಪ್ಪಿಕೊಳ್ಳಬೇಕು. ಇದು ಪೂರ್ವಪಕ್ಷ.

ಆದರೆ ಗ್ರಂಥವು ಆರಂಭವಾಗುವುದು ಎಲ್ಲಿ? ಶವದಿಂದಲ್ಲ, ಶಾಸ್ತ್ರದಿಂದಲ್ಲ, ಮದುವೆಯಾದಂದಿನಿಂದ ಕಾಯಿಲೆಯಲ್ಲಿರುವ ಹೆಂಡತಿಗೆ ಗಂಡನು ಸ್ನಾನ ಮಾಡಿಸಿ, ಮಡಿಬಟ್ಟೆ ಉಡಿಸಿ, ಪೂಜೆ ಮುಗಿಸಿ, ಹೂ ಮುಡಿಸಿ, ಗಂಜಿ ಕೊಡುವ ದಿನಚರಿಯಿಂದ. ನಿಮ್ಮದು ಮೊದಲು ಊಟವಾಗಲಿ ಎಂದು ಆಕೆ, ನಿನ್ನ ಗಂಜಿ ಮೊದಲಾಗಲಿ ಎಂದು ಆತ. ಇಪ್ಪತ್ತು ವರ್ಷಗಳಿಂದ ನಡೆದು ಬಂದ ಮಾತು ಅದು. ಕಥೆಗೆ ಕಾರಣವಾದ ಮಾರಿಯು ಬಾಗಿಲಿಗೆ ಬರುವ ಮುನ್ನ ಕವಿಯು ನಮಗೆ ಒಂದು ನಿತ್ಯಕರ್ಮವನ್ನು ತೋರಿಸಿದ್ದಾನೆ. ಇದನ್ನು ಮರೆತರೆ ಮುಂದಿನ ಯಾವ ತಿರುವೂ ತನ್ನ ತೂಕದಲ್ಲಿ ಕಾಣಿಸುವುದಿಲ್ಲ.

ಈ ನಿತ್ಯವು ನಿಜವಾಗಿ ನಿತ್ಯವೇ? ಕವಿಯೇ ಉತ್ತರವನ್ನು ಇಟ್ಟಿದ್ದಾನೆ. ರೋಗಿಷ್ಠೆಯನ್ನು ಮದುವೆಯಾಗಿ ನಿಷ್ಕಾಮವಾಗಿ ಸೇವಿಸಿದುದರಿಂದ ತಾನು ಪಕ್ವನಾಗುತ್ತಿದ್ದೇನೆಂಬ ತೃಪ್ತಿಯು ಆಚಾರ್ಯರ ಅಂತರಂಗದಲ್ಲಿದೆ. ನಿಷ್ಕಾಮವೆಂದು ಎಣಿಸಿಕೊಂಡ ಕರ್ಮವು ಎಣಿಕೆಯಿಂದಲೇ ಸಕಾಮವಾಗುತ್ತದೆ. ಭಾಗೀರಥಿಯು ಸಾಧ್ಯವಲ್ಲ, ಸಾಧನ. ಯಜ್ಞದ ದೇವತೆಯಲ್ಲ, ವೇದಿ. ಇದಕ್ಕೆ ವಿರುದ್ಧವಾಗಿ ಭಾಗೀರಥಿಯ ಮಾತುಗಳನ್ನು ನೋಡಿರಿ. ಆಕೆಗೆ ಗ್ರಂಥದಲ್ಲಿ ಮಾತುಗಳು ಕೆಲವೇ. ಊಟ ಮಾಡಿರಿ ಎನ್ನುತ್ತಾಳೆ. ನನ್ನಿಂದ ನಿಮಗೆ ಸುಖವಿಲ್ಲ, ಮನೆಗೆ ಮಗುವೊಂದು ಬೇಕು, ಮತ್ತೊಂದು ಮದುವೆಯಾಗಿರಿ ಎನ್ನುತ್ತಾಳೆ. ಈ ಮಾತುಗಳಲ್ಲಿ ಮೋಕ್ಷದ ಪ್ರಸ್ತಾಪವಿಲ್ಲ. ಎದುರಿಗಿರುವ ಮನುಷ್ಯನ ಹಸಿವಿನ, ಮನೆಯ ಬರಿದುತನದ ಪ್ರಸ್ತಾಪವಿದೆ. ಹಾಸಿಗೆಯಿಂದ ಏಳಲಾರದ ಆ ಹೆಂಗಸೇ ಆ ಮನೆಯಲ್ಲಿ ನಿತ್ಯವನ್ನು ನಿತ್ಯವಾಗಿ ನಡೆಸುತ್ತಿದ್ದವಳು. ಆಚಾರ್ಯರು ಆಕೆಯ ಸಲಹೆಗೆ ನಗುತ್ತಾರೆ. ಆ ನಗೆಯಲ್ಲಿ ಪ್ರೀತಿಯಿಲ್ಲವೆಂದು ನಾನು ಹೇಳಲಾರೆ; ಆದರೆ ಕೇಳಿಸಿಕೊಂಡವನ ನಗೆ ಅದಲ್ಲ.

ಇನ್ನು ನಿರ್ಣಾಯಕವಾದ ಸ್ಥಳ. ಚಂದ್ರಿಯ ಪ್ರಸಂಗದ ನಂತರ ಆಚಾರ್ಯರು ಮನೆಗೆ ಬಂದು ಎಂದಿನಂತೆ ಹೆಂಡತಿಗೆ ಸ್ನಾನ ಮಾಡಿಸುತ್ತಾರೆ. ಕರ್ಮವು ಅದೇ, ನೀರು ಅದೇ, ದೇಹವು ಅದೇ. ಆದರೆ ಅಂದು ಮೊದಲ ಬಾರಿಗೆ ಆ ಬತ್ತಿದ ದೇಹವು ಅವರ ಕಣ್ಣಿಗೆ ಬೀಳುತ್ತದೆ, ಕುರೂಪವಾಗಿ. ಇಲ್ಲಿ ಹುಟ್ಟುವುದು ಜುಗುಪ್ಸೆ. ಪೂರ್ವಪಕ್ಷದವರು ಇದನ್ನು ಹಿಡಿದು, ಇಪ್ಪತ್ತು ವರ್ಷಗಳ ಸೇವೆಯಲ್ಲಿ ಪ್ರೇಮವಿರಲಿಲ್ಲವೆಂಬುದಕ್ಕೆ ಇದೇ ಸಾಕ್ಷಿ ಎನ್ನುತ್ತಾರೆ. ನನಗೆ ಬೇರೆಯಾಗಿ ತೋರುತ್ತದೆ. ಶಾಂತರಸದ ಗ್ರಂಥಗಳಲ್ಲಿ ದೇಹಜುಗುಪ್ಸೆಯು ವೈರಾಗ್ಯಕ್ಕೆ ಮೆಟ್ಟಿಲು. ಈ ಕಾದಂಬರಿಯಲ್ಲಿ ಅದು ತಿರುಗುಮುರುಗಾಗಿ, ವೈರಾಗ್ಯದಿಂದ ಕೆಳಗಿಳಿಯುವ ಮೆಟ್ಟಿಲಾಗಿದೆ. ಇದುವರೆಗೆ ಆಚಾರ್ಯರು ತಮ್ಮ ವ್ರತಕ್ಕೆ ಸ್ನಾನ ಮಾಡಿಸುತ್ತಿದ್ದರು; ಅಂದು ಮೊದಲ ಬಾರಿಗೆ ಭಾಗೀರಥಿಗೆ ಮಾಡಿಸಿದರು. ಕಾಣದವನು ಸೇವಿಸಲಾರನು. ಕುರೂಪವನ್ನು ಕಂಡು, ಕಂಡ ಮೇಲೆಯೂ ಮರುದಿನ ಅದೇ ತಂಬಿಗೆಯಿಂದ ನೀರು ಹಾಕುವುದಿದೆಯಲ್ಲ, ಅಲ್ಲಿಂದ ನಿಜವಾದ ದಾಂಪತ್ಯವು ಆರಂಭವಾಗಬೇಕಾಗಿತ್ತು.

ಮಾರಿಯು ಆ ಅವಕಾಶವನ್ನು ಕೊಡಲಿಲ್ಲ. ಭಾಗೀರಥಿಯು ಪ್ಲೇಗಿನಿಂದ ಸಾಯುತ್ತಾಳೆ. ಆಚಾರ್ಯರು ಆಕೆಯ ದಹನವನ್ನು ಮುಗಿಸಿ ಅಗ್ರಹಾರವನ್ನು ಬಿಟ್ಟು ನಡೆಯುತ್ತಾರೆ. ಈ ಮರಣಕ್ಕೆ ಗ್ರಂಥಕಾರರು ಕೊಟ್ಟಿರುವ ಅವಕಾಶವು ಸ್ವಲ್ಪ. ಇದು ಔಚಿತ್ಯವೋ ನ್ಯೂನತೆಯೋ? ಎರಡೂ ಎನ್ನಬೇಕು. ನಾಯಕನಿಗೆ ಕಣ್ಣು ತೆರೆದ ಕೂಡಲೆ ಕಾಣಬೇಕಾದ ವಸ್ತುವು ಮಾಯವಾಗುವುದರಲ್ಲಿ ತೀವ್ರವಾದ ಕರುಣವಿದೆ. ಅದು ವಿಸ್ತರಿಸಿದರೆ ಕೆಡುತ್ತಿತ್ತು. ಆದರೆ ಭಾಗೀರಥಿಯ ಒಳಗನ್ನು ಒಮ್ಮೆಯಾದರೂ ತೆರೆದು ತೋರಿಸದೆ ಇದ್ದುದು ನ್ಯೂನತೆಯೇ ಸರಿ. ಗಂಡನ ಕೈ ಅಂದು ಬೇರೆಯಾಗಿತ್ತೆಂಬುದು ಆಕೆಗೆ ತಿಳಿಯಿತೇ? ಇಪ್ಪತ್ತು ವರ್ಷ ಒಬ್ಬರ ಕೈಯಿಂದ ಸ್ನಾನ ಮಾಡಿಸಿಕೊಂಡವಳಿಗೆ ತಿಳಿಯದಿರುವುದು ಕಷ್ಟ. ಗ್ರಂಥವು ಇಲ್ಲಿ ಮೌನವಾಗಿದೆ. ಆ ಮೌನವು ಧ್ವನಿಯಲ್ಲ.

೪

‘ಗೃಹಭಂಗ’ಕ್ಕೆ ಬಂದರೆ ಚಿತ್ರವು ತಲೆಕೆಳಗಾಗುತ್ತದೆ. ಚನ್ನರಾಯಪಟ್ಟಣ, ತಿಪಟೂರು ಸೀಮೆಯ ಬಯಲುನಾಡು. ಶ್ಯಾನುಭೋಗಿಕೆಯ ಮನೆತನದ ಚೆನ್ನಿಗರಾಯನಿಗೆ ಹೊಟ್ಟೆಯ ಹೊರತು ಬೇರೆ ಚಿಂತೆಯಿಲ್ಲ. ಲೆಕ್ಕಪತ್ರಗಳನ್ನು ಬರೆಯುವವಳು, ಮುತ್ತುಗದ ಎಲೆ ಹಚ್ಚಿ ಮಾರಿ ಸಂಸಾರವನ್ನು ಸಾಗಿಸುವವಳು ಹೆಂಡತಿಯಾದ ನಂಜಮ್ಮ. ಇಲ್ಲಿ ಪ್ಲೇಗು ಒಮ್ಮೆ ಬಂದು ಕಥೆಯನ್ನು ತಿರುಗಿಸುವ ನಿಮಿತ್ತವಲ್ಲ. ಬರ, ಕಂದಾಯ, ಅತ್ತೆಯ ಬೈಗುಳ ಇವುಗಳಂತೆ ಬಾಳಿನ ಒಂದು ಅಂಗ. ಪಾರ್ವತಿ, ರಾಮಣ್ಣ ಎಂಬ ಬೆಳೆದ ಮಕ್ಕಳಿಬ್ಬರನ್ನು ಅದು ಕೊಂಡೊಯ್ಯುತ್ತದೆ. ಕಡೆಗೆ ನಂಜಮ್ಮನನ್ನೂ ಬಿಡುವುದಿಲ್ಲ. ಭೈರಪ್ಪನವರೂ ಎಳೆಯ ವಯಸ್ಸಿನಲ್ಲಿ ತಾಯಿಯನ್ನೂ ಒಡಹುಟ್ಟಿದವರನ್ನೂ ಇದೇ ಬೇನೆಯಲ್ಲಿ ಕಳೆದುಕೊಂಡವರೆಂಬುದು ಪ್ರಸಿದ್ಧವಾದ ಸಂಗತಿ. ಗ್ರಂಥದ ಆ ಪುಟಗಳಲ್ಲಿ ಅಲಂಕಾರವಿಲ್ಲದಿರುವುದಕ್ಕೆ ಇದೇ ಕಾರಣವಿರಬಹುದು.

ನಂಜಮ್ಮನ ಕರ್ಮದಲ್ಲಿ ಕಾಮ್ಯದ ಸೋಂಕಿಲ್ಲ. ಮಕ್ಕಳು ಹೋದ ಮೇಲೆಯೂ ಒಲೆಯನ್ನು ಹಚ್ಚಬೇಕು, ಹಚ್ಚುತ್ತಾಳೆ. ಅದರಿಂದ ತಾನು ಪಕ್ವಳಾದೆನೆಂಬ ಭಾವನೆಯು ಆಕೆಗೆ ಹೊಳೆಯುವುದೇ ಇಲ್ಲ. ಪ್ರಾಣೇಶಾಚಾರ್ಯರ ಸೇವೆಯ ಪಕ್ಕದಲ್ಲಿ ಈ ದುಡಿಮೆಯನ್ನಿಟ್ಟರೆ ನಿತ್ಯವೆಂಬ ಪದದ ಅರ್ಥವು ಭಾಷ್ಯವಿಲ್ಲದೆ ತಿಳಿಯುತ್ತದೆ.

ಆದರೆ ಇಲ್ಲಿಯೂ ಒಂದು ಕೊರತೆಯಿದೆ. ಅದು ದಾಂಪತ್ಯದ ವಿಚಾರಕ್ಕೆ ಸಂಬಂಧಿಸಿದುದು. ಜೈಮಿನಿಯ ಆರನೆಯ ಅಧ್ಯಾಯದ ಅಧಿಕಾರವಿಚಾರದಲ್ಲಿ ಯಾಗಕ್ಕೆ ಪತಿಪತ್ನಿಯರಿಬ್ಬರಿಗೂ ಕೂಡಿದ ಅಧಿಕಾರವೆಂದು ನಿರ್ಣಯವಾಗಿದೆ. ಚೆನ್ನಿಗರಾಯನನ್ನು ಗ್ರಂಥಕಾರರು ಒಂದೇ ಗೆರೆಯಲ್ಲಿ ಬರೆದುಬಿಟ್ಟಿರುವುದರಿಂದ ಆ ಮನೆಯ ಯಾಗದಲ್ಲಿ ಯಜಮಾನನ ಸ್ಥಾನವು ಬರಿದಾಗಿದೆ. ಇಂತಹ ಗಂಡಂದಿರಿಲ್ಲವೇ ಎಂದರೆ ಉಂಟು, ಬಹಳ ಉಂಟು. ಆದರೆ ಮಕ್ಕಳನ್ನು ಕಳೆದುಕೊಂಡ ತಂದೆಯ ಒಳಗೆ, ಅವನು ಎಷ್ಟೇ ಜಡನಾದರೂ, ಏನೂ ನಡೆಯಲಿಲ್ಲವೆಂದು ಓದುಗನು ಪೂರ್ಣವಾಗಿ ನಂಬಲಾರನು. ‘ಸಂಸ್ಕಾರ’ದಲ್ಲಿ ಹೆಂಡತಿಯ ಒಳಗು ಮುಚ್ಚಿದೆ; ‘ಗೃಹಭಂಗ’ದಲ್ಲಿ ಗಂಡನ ಒಳಗು ಮುಚ್ಚಿದೆ. ಮಾರಿಯ ಕಾಲದ ಮನೆಯೊಳಗೆ ಇಬ್ಬರನ್ನೂ ಒಟ್ಟಿಗೆ ಕಾಣುವ ಕಣ್ಣು ಈ ಎರಡು ಮಹಾಗ್ರಂಥಗಳಿಗೂ ದಕ್ಕಲಿಲ್ಲವೆಂಬುದು ನನ್ನ ವಿನಯಪೂರ್ವಕವಾದ ಆಕ್ಷೇಪಣೆ.

೫

ಇಲ್ಲಿಯವರೆಗಿನ ಅಭಿಪ್ರಾಯವು ಪುಸ್ತಕದಿಂದ ಮಾತ್ರ ಹುಟ್ಟಿದುದಲ್ಲ. ಹುಟ್ಟಿದ ಸಂದರ್ಭವನ್ನು ಮುಚ್ಚಿಡುವುದು ವಿಮರ್ಶಕನಿಗೆ ಸಲ್ಲದಾದುದರಿಂದ ಸಂಕ್ಷೇಪವಾಗಿ ಹೇಳುತ್ತೇನೆ.

ನಮ್ಮ ವಾಸವು ತರೀಕೆರೆಯ ಸೀಮೆಯಲ್ಲಿ, ಕೆಮ್ಮಣ್ಣುಗುಂಡಿಯ ಬೆಟ್ಟವು ಕಿಟಕಿಗೆ ಕಾಣುವ ಒಂದು ಹಳ್ಳಿಯಲ್ಲಿ. ಆ ಬೆಟ್ಟದ ಕೆಂಪು ಅದಿರು ಒಂದು ಕಾಲಕ್ಕೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ಪೋಷಿಸಿತು. ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿನ ಗಿರಿಧಾಮವು ಅಲ್ಲಿದೆ. ಮಿಕ್ಕ ವರ್ಷಗಳಲ್ಲಿ ಬೇಸಗೆ ಬಂದರೆ ಹೊಸದಾಗಿ ಮದುವೆಯಾದವರ ಕಾರುಗಳು ನಮ್ಮ ಬಾಗಿಲ ಮುಂದೆಯೇ ಬೆಟ್ಟವನ್ನು ಹತ್ತುತ್ತವೆ. ೨೦೨೦ರ ಮಾರ್ಚ್ ೧೧ರಂದು ಕೊರೋನಾ ಬೇನೆಯನ್ನು ಜಗದ್ವ್ಯಾಪಿಯೆಂದು ಸಾರಿದರು. ಅದರ ಹಿಂದಿನ ದಿನ ನಮ್ಮ ಕಲಬುರಗಿಯಲ್ಲಿ ತೀರಿಕೊಂಡ ವೃದ್ಧರೊಬ್ಬರ ಮರಣವೇ ಭಾರತದಲ್ಲಿ ಈ ಬೇನೆಯ ಮೊದಲ ಮರಣ. ಮಾರ್ಚ್ ೨೫ರಿಂದ ದೇಶವೆಲ್ಲ ಬಾಗಿಲು ಹಾಕಿತು. ಆ ಬೇಸಗೆಯಲ್ಲಿ ಬೆಟ್ಟದ ದಾರಿಯಲ್ಲಿ ಒಂದು ಕಾರೂ ಕಾಣಲಿಲ್ಲ. ವಿಹಾರಕ್ಕೆ ಬರುವ ದಾಂಪತ್ಯವು ನಿಂತು, ಮನೆಯಲ್ಲಿ ಕೂಡುವ ದಾಂಪತ್ಯವು ಆರಂಭವಾಯಿತು.

ಮರುವರ್ಷ, ೨೦೨೧ರ ಮೇ ತಿಂಗಳಲ್ಲಿ, ಎರಡನೆಯ ಅಲೆಯ ನಡುವೆ, ನನ್ನ ಪತ್ನಿಗೆ ಜ್ವರ ಬಂದು ಬೇನೆಯು ನಿಶ್ಚಯವಾಯಿತು. ಒಳಕೋಣೆಯಲ್ಲಿ ಆಕೆ, ನಡುಮನೆಯಲ್ಲಿ ನಾನು, ನಡುವೆ ಹೊಸ್ತಿಲು. ಮೂವತ್ತು ವರ್ಷದ ಸಂಸಾರದಲ್ಲಿ ಮೊದಲ ಬಾರಿಗೆ ನಾನು ಒಲೆ ಹಚ್ಚಿದೆ. ದಿನಕ್ಕೆ ನಾಲ್ಕು ಸಲ ಆಕೆಯು ಬೆರಳಿಗೆ ಆಕ್ಸಿಮೀಟರು ಹಾಕಿಕೊಂಡು ಅಂಕಿಯನ್ನು ಕೂಗಿ ಹೇಳುವಳು; ನಾನು ಪಂಚಾಂಗದ ಹಿಂಬದಿಯಲ್ಲಿ ಬರೆದಿಡುವೆನು. ಮೂರನೆಯ ದಿನ ನನಗೆ ಗೊತ್ತಾದುದೇನೆಂದರೆ, ಆ ಅಂಕಿಗಳ ಜೊತೆಗೆ ಇನ್ನೊಂದು ಲೆಕ್ಕವನ್ನೂ ನಾನು ಮನಸ್ಸಿನಲ್ಲಿ ಇಡುತ್ತಿದ್ದೆ. ಇಷ್ಟು ಬಾರಿ ಗಂಜಿ ಕಾಸಿದೆ, ಇಷ್ಟು ರಾತ್ರಿ ಎದ್ದೆ. ಮುಂದೆ ಬಂಧುಗಳಿಗೆ ಹೇಳಲು ಒಂದು ಕಥೆಯಾಗುತ್ತದೆ. ಅಂದು ಹೊಸ್ತಿಲಲ್ಲಿ ಗಂಜಿಯ ಪಾತ್ರೆಯನ್ನಿಟ್ಟು ಹಿಂದೆ ಸರಿದಾಗ ಒಳಗಿನಿಂದ ಆಕೆಯೆಂದಳು: “ನನಗಂತೂ ರುಚಿಯೇ ತಿಳಿಯುತ್ತಿಲ್ಲ. ಉಪ್ಪು ಹಾಕಿದ್ದೀರೋ ಮರೆತಿದ್ದೀರೋ. ನಿಮ್ಮದಕ್ಕಾದರೂ ನೋಡಿ ಹಾಕಿಕೊಳ್ಳಿ.” ನಾನು ಉಪ್ಪನ್ನು ಮರೆತೇ ಇದ್ದೆ. ನನ್ನ ಪುಣ್ಯದ ಲೆಕ್ಕವೆಲ್ಲ ಅಲ್ಲಿಗೆ ನಿಂತುಹೋಯಿತು.

ಅಂದು ರಾತ್ರಿ ನೆನಪಾದವಳು ಭಾಗೀರಥಿ. ಮೊದಲು ನಿಮ್ಮ ಊಟವಾಗಲಿ ಎಂಬ ಆಕೆಯ ಮಾತನ್ನು ಎಷ್ಟೋ ವರ್ಷ ಪಾಠ ಹೇಳಿಯೂ ನಾನು ಕೇಳಿಸಿಕೊಂಡಿರಲಿಲ್ಲ. ನನ್ನ ಪತ್ನಿಯು ಗುಣವಾದಳು. ಪ್ರಾಣೇಶಾಚಾರ್ಯರಿಗೆ ಸಿಕ್ಕದ ಮರುದಿನವು ನನಗೆ ಸಿಕ್ಕಿತು. ನಮ್ಮ ಬೀದಿಯಲ್ಲಿಯೇ ಸಿಕ್ಕದವರಿದ್ದಾರೆ. ಆದುದರಿಂದ ಇದನ್ನು ನಾನು ನನ್ನ ಯೋಗ್ಯತೆಯೆಂದು ಬರೆಯುತ್ತಿಲ್ಲ.

೬

ಎರಡು ಮಾರಿಗಳ ನಡುವೆ ವಿಮರ್ಶಕನು ಲಕ್ಷಿಸಬೇಕಾದ ಒಂದು ಭೇದವಿದೆ. ಪ್ಲೇಗು ಮನೆಯನ್ನು ಬಿಡಿಸುವ ಬೇನೆ. ಕೊರೋನಾ ಮನೆಯನ್ನು ಹಿಡಿಸುವ ಬೇನೆ. ಮೊದಲನೆಯದರಲ್ಲಿ ಸಂಸಾರವು ಬಯಲಿಗೆ ಬಂದು ಗುಡಿಸಲಾಯಿತು. ಎರಡನೆಯದರಲ್ಲಿ ಮನೆಯೇ ಊರಾಯಿತು, ಕೋಣೆಯೇ ಮನೆಯಾಯಿತು. ಆದುದರಿಂದಲೇ ಪ್ಲೇಗಿನ ಕಾದಂಬರಿಗಳಲ್ಲಿ ದಾರಿಯುಂಟು: ಪ್ರಾಣೇಶಾಚಾರ್ಯರು ನಡೆಯುತ್ತಾರೆ, ನಂಜಮ್ಮನ ಊರು ಊರ ಹೊರಗೆ ಹೋಗುತ್ತದೆ. ಈಚಿನ ಬೇನೆಯನ್ನು ಕುರಿತು ಬರೆಯುವವನಿಗೆ ದಾರಿಯಿಲ್ಲ. ಹೊಸ್ತಿಲು ಮಾತ್ರ ಇದೆ. ಹೊಸ್ತಿಲಿನ ಎರಡು ಕಡೆಯ ಇಬ್ಬರನ್ನೂ ಸಮನಾಗಿ ಕಾಣದ ಹೊರತು ಅವನ ಕಥೆಯು ನಡೆಯದು. ಹಿಂದಿನ ಎರಡು ಗ್ರಂಥಗಳು ಒಂದೊಂದು ಕಡೆಯನ್ನು ತೋರಿಸಿ ಬಿಟ್ಟಿರುವುದರಿಂದ ಮುಂದಿನವನ ಕೆಲಸವು ಸುಲಭವಾಗಿಲ್ಲ, ಸ್ಪಷ್ಟವಾಗಿದೆ.

ಒಟ್ಟಿನಲ್ಲಿ ಸಿದ್ಧಾಂತವಿಷ್ಟು. ‘ಸಂಸ್ಕಾರ’ವು ಶವಸಂಸ್ಕಾರದ ಕಥೆಯಾಗಿರುವಷ್ಟೇ ಒಂದು ನಿತ್ಯಕರ್ಮದ ಕಥೆಯೂ ಆಗಿದೆ. ಅದರ ನಾಯಕನ ದೋಷವು ಕಾಡಿನಲ್ಲಿ ಆರಂಭವಾದುದಲ್ಲ; ಹೆಂಡತಿಯ ಗಂಜಿಯನ್ನು ತನ್ನ ಸಾಧನೆಯ ಖಾತೆಗೆ ಬರೆದುಕೊಂಡ ದಿನವೇ ಆರಂಭವಾದುದು. ‘ಗೃಹಭಂಗ’ವು ಖಾತೆಯಿಲ್ಲದ ದುಡಿಮೆಯ ಗ್ರಂಥ, ಆದರೆ ಅಲ್ಲಿ ದುಡಿಯುವವಳು ಒಬ್ಬಳೇ. ಈ ಎರಡನ್ನೂ ತರಗತಿಗಳಲ್ಲಿ ಜೊತೆಯಾಗಿ ಪಾಠ ಹೇಳುವ ಉಪಾಧ್ಯಾಯರು ‘ಸಂಸ್ಕಾರ’ದ ಮೊದಲ ಪುಟವನ್ನು ಅವಸರದಿಂದ ದಾಟದಿರಲಿ ಎಂದು ಪ್ರಾರ್ಥಿಸುತ್ತೇನೆ. ಹೆಣವು ಬಾಗಿಲಲ್ಲಿದೆಯೆಂದು ನಾವೆಲ್ಲರೂ ಅತ್ತ ಓಡಿದೆವು. ಒಳಗೆ ಒಬ್ಬಳು ಗಂಜಿಯ ಬಟ್ಟಲನ್ನು ಹಿಡಿದು, ನಮ್ಮ ಊಟವಾಯಿತೇ ಎಂದು ಕೇಳುತ್ತಿದ್ದುದು ಕಿವಿಗೆ ಬೀಳಲಿಲ್ಲ.

ಇಲ್ಲಿ ಹೇಳಿದುದರಲ್ಲಿ ದೋಷವಿದ್ದರೆ ವಿದ್ವಾಂಸರು ತಿದ್ದಬೇಕೆಂದು ಕೋರುತ್ತೇನೆ.